ಎಡಗಡೆಯ ಕೆಳಮೂಲೆ

ಹೊಲಿಗೆ ಕೋಣೆಯಿಂದ,
ಮಂಗಳವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ ಎರಡೂವರೆ

ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರ, ಅದರ ಜೊತೆಗೆ ಒಂದಿಷ್ಟು ಜಗಳ. ಮೊದಲು ನಮಸ್ಕಾರ ತೆಗೆದುಕೊಳ್ಳಿ, ಜಗಳ ಹಿಂದಿನಿಂದ ಬರುತ್ತದೆ. ಮಂಡಿ ಹೇಗಿದೆ? ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀರೋ, ಇಲ್ಲಾ ಮಗಳ ಮನೆಯಲ್ಲಿ ಕೇಳುವುದಕ್ಕೆ ಸಂಕೋಚ ಅಂತ ಹಲ್ಲು ಕಚ್ಚಿಕೊಂಡಿದ್ದೀರೋ? ಕಚ್ಚಲು ಹಲ್ಲಾದರೂ ಎಲ್ಲಿದೆ, ದವಡೆ ಹಲ್ಲು ಕೀಳಿಸಿದಿರಂತೆ, ಪುಟ್ಟಿ ಹೇಳಿದಳು. ಬಾವು ಇಳಿಯಿತೇ? ನಿದ್ದೆ ಬರುತ್ತಿದೆಯೇ? ನಾದಿನಿಯ ಮನೆಯ ಆ ಕಿರಗುಟ್ಟುವ ಫ್ಯಾನನ್ನು ಅವಳ ಯಜಮಾನರು ಮೂರು ವರ್ಷದಿಂದ ನಾಳೆ ರಿಪೇರಿ ಮಾಡಿಸುತ್ತಲೇ ಇದ್ದಾರೆ, ಆ ನಾಳೆ ಬಂತೇ? ಇನ್ನೂ ಒಂದನ್ನು ವಿಚಾರಿಸುವುದಿದೆ. ಅದನ್ನು ಕೇಳಲು ಈಗ ನಾಲಿಗೆ ಏಳುತ್ತಿಲ್ಲ, ಪತ್ರ ಅರ್ಧ ದಾರಿ ಮುಟ್ಟಲಿ, ಕೇಳುತ್ತೇನೆ. ಇದು ಮೂರನೇ ಪತ್ರ. ಮೊದಲ ಎರಡನ್ನು ಹರಿದು ಹಾಕಿದೆ. ಒಂದರಲ್ಲಿ ಬರೀ ಅಳು ಇತ್ತು, ಇನ್ನೊಂದರಲ್ಲಿ ಬರೀ ಸಿಟ್ಟು.

ಫೋನಿರುವಾಗ ಪತ್ರ ಯಾಕೆ ಅನ್ನುತ್ತೀರಿ. ಫೋನಿನಲ್ಲಿ ನೀವು ನನಗೆ ಸಿಗುವುದೇ ಇಲ್ಲವಲ್ಲ! ಮಗನ ಹತ್ತಿರ ಹತ್ತು ನಿಮಿಷ, ಮೊಮ್ಮಗಳ ಹತ್ತಿರ ಅರ್ಧ ಗಂಟೆ, ನಾನು ಕೈಗೆ ತೆಗೆದುಕೊಂಡ ತಕ್ಷಣ "ಆಯ್ತಮ್ಮಾ, ಇಡ್ತೀನಿ". ಹತ್ತೊಂಬತ್ತು ವರ್ಷ "ಏನೇ", "ಬಾರೇ", "ನಿನ್ನ ತಲೆ ಕಣೇ" ಅಂತ ಕರೆದವರು ಹೋದ ವಾರ ನನ್ನನ್ನು "ಊಟ ಆಯ್ತಾ ನಿಮ್ದು?" ಅಂತ ಕೇಳಿದಿರಿ. ಸಿಟ್ಟು ಬಂದರೆ ನೀವು ಬೈಯುವವರಲ್ಲ, ಬಹುವಚನ ಹಚ್ಚುವವರು. ಬೈದಿದ್ದರೆ ಒಂದು ಹೊತ್ತು ಅತ್ತು ಮರೆಯುತ್ತಿದ್ದೆ. ಈ ಮರ್ಯಾದೆ ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಪತ್ರವಾದರೆ ನೀವು ಮಧ್ಯದಲ್ಲಿ ಇಡುವ ಹಾಗಿಲ್ಲ. ಇಟ್ಟರೂ ಮತ್ತೆ ಎತ್ತಿಕೊಳ್ಳುತ್ತೀರಿ, ನನಗೆ ಗೊತ್ತು. ಔಷಧಿ ಡಬ್ಬಿಯೊಳಗಿನ ಸಣ್ಣಕ್ಷರದ ಚೀಟಿಯನ್ನೂ ಕೊನೆಯವರೆಗೆ ಓದುವ ಹೆಂಗಸು ನೀವು.

ಎಂಟು ದಿನ ಅಂತ ಹೊರಟವರಿಗೆ ಇವತ್ತಿಗೆ ನಲವತ್ತಾರು ದಿನ. ಇಪ್ಪತ್ತೆರಡನೇ ತಾರೀಖು ಶನಿವಾರ ಲೈಬ್ರರಿಯ ಗೋಡೆಗೆ ನಮ್ಮ ದೊಡ್ಡ ಕೌದಿ ಏರುತ್ತದೆ. ನೀವು ಶುರು ಮಾಡಿದ ಕ್ಲಾಸಿಗೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ನಲವತ್ತೆರಡು ಜನ ಒಬ್ಬೊಬ್ಬರು ಒಂದೊಂದು ಚೌಕ ಹೊಲಿದ ಕೌದಿ. ಅದರ ಮರು ಸೋಮವಾರದಿಂದ ಹೊಸ ಬ್ಯಾಚು. ನೀವು ಬರುತ್ತೀರೋ, ಇಲ್ಲಾ ಸೂಜಿ ಕೆಳಗಿಟ್ಟು ಅಲ್ಲೇ ಕೂತುಬಿಟ್ಟಿರೋ, ನನಗೆ ಗೊತ್ತಾಗಬೇಕಾದದ್ದು ಇಷ್ಟೇ. ಇಷ್ಟನ್ನು ಕೇಳಲು ಇಷ್ಟು ದಿನ ಬೇಕಾಯಿತು ನೋಡಿ.

ಮನೆಯ ಸುದ್ದಿ ಹೇಳುತ್ತೇನೆ. ನಿಮ್ಮ ಮಗ ಕೌದಿಯೊಳಗಿನ ಹತ್ತಿಯ ಹಾಗೆ ಆಗಿದ್ದಾರೆ. ಮೇಲೆ ನೀವು, ಕೆಳಗೆ ನಾನು, ಮಧ್ಯೆ ಅವರು, ಹೊರಗೆ ಒಂದು ಸದ್ದಿಲ್ಲ. "ನಿಮ್ಮಿಬ್ಬರ ಮಧ್ಯೆ ಏನಾಯ್ತು?" ಅಂತ ಒಂದು ಸಲ ಕೇಳಿದರು. "ಏನೂ ಇಲ್ಲ" ಅಂದೆ. "ನಿಮ್ಮಮ್ಮನ್ನ ಕೇಳಿ" ಅಂತಲೂ ಅಂದೆ. ನಿಮ್ಮನ್ನೂ ಕೇಳಿದರಂತೆ, ನೀವೂ "ಏನೂ ಇಲ್ಲ" ಅಂದಿರಂತೆ. ಒಂದು ವಿಷಯದಲ್ಲಾದರೂ ಅತ್ತೆ ಸೊಸೆ ಒಗ್ಗಟ್ಟಾಗಿದ್ದೀರಲ್ಲ ಅಂತ ನಕ್ಕು ಪೇಪರ್ ಹಿಡಿದುಕೊಂಡು ಕೂತರು. ಪುಟ್ಟಿ ನಿಮ್ಮ ಮಂಚದ ಮೇಲೆ ತನ್ನ ಪುಸ್ತಕ ಹರಡಿದ್ದಾಳೆ. ಎತ್ತು ಅಂದರೆ, "ಅಜ್ಜಿ ಬಂದ ದಿನ ಎತ್ತುತ್ತೀನಿ, ನೀನು ಕರ್ಕೊಂಡು ಬಾ" ಅನ್ನುತ್ತಾಳೆ. ಹದಿಮೂರು ವರ್ಷಕ್ಕೇ ಮಾತಿನಲ್ಲಿ ಸೂಜಿ ಇಡಲು ಕಲಿತಿದ್ದಾಳೆ, ಯಾರ ಮೊಮ್ಮಗಳು! ನಾನೋ, ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಗೂ ಕ್ಲಾಸಿಗೂ ಓಡಾಡುತ್ತಿದ್ದೇನೆ. ಬಟ್ಟೆ ಕಪಾಟನ್ನು ಈ ತಿಂಗಳಲ್ಲಿ ಮೂರು ಸಲ ಜೋಡಿಸಿದೆ. ಮೊದಲು ಬಣ್ಣದ ಲೆಕ್ಕದಲ್ಲಿ, ಆಮೇಲೆ ಅಳತೆಯ ಲೆಕ್ಕದಲ್ಲಿ, ನಿನ್ನೆ ಮತ್ತೆ ನೀವು ಇಡುತ್ತಿದ್ದ ಹಾಗೆ ಲೆಕ್ಕವೇ ಇಲ್ಲದೆ ತುರುಕಿದೆ. ಆದರೂ ನಿಮಗೆ ಬೇಕಾದ ಚೂರು ಕೈ ಹಾಕಿದ ಕೂಡಲೆ ಸಿಗುತ್ತಿತ್ತಲ್ಲ, ನನಗೆ ಸಿಗುವುದಿಲ್ಲ.

ಸ್ವಲ್ಪ ತಾಳಿ, ಕೆಳಗಿನಿಂದ ಸೈಕಲ್ ಅಂಗಡಿಯವನು ಕೂಗುತ್ತಿದ್ದಾನೆ.

ಏನೂ ಇಲ್ಲ. ಮೆಟ್ಟಿಲ ಮೇಲೆ ಯಾರೋ ದಾರದ ರೀಲು ಬೀಳಿಸಿ ಹೋಗಿದ್ದರು, ಅದು ಉರುಳಿ ಅವನ ಅಂಗಡಿಗೆ ಹೋಗಿ ಕೂತಿತ್ತು. ಕೊಟ್ಟು "ದೊಡ್ಡ ಟೀಚರ್ ಯಾವಾಗ ಬರ್ತಾರೆ?" ಅಂದ. ಎಲ್ಲರದ್ದೂ ಇದೇ ಪಾಠ. ನೀವು ದೊಡ್ಡ ಟೀಚರು, ನಾನು ಚಿಕ್ಕ ಟೀಚರು. ನಲವತ್ತಮೂರು ವರ್ಷವಾದರೂ ಚಿಕ್ಕವಳೇ ನಾನು.

ಹೊಸ ಬ್ಯಾಚಿಗೆ ಹೆಸರು ಬರೆಸಲು ಬಂದವರಿಗೆ ಹೋದ ಶನಿವಾರ ನಿಮ್ಮ ಮೊದಲ ದಿನದ ಪಾಠ ಮಾಡಿ ತೋರಿಸೋಣ ಅಂತ ಹೊರಟೆ. ಇಪ್ಪತ್ತು ಸಲ ನೋಡಿದ್ದೇನೆ, ಬರದೆ ಏನು ಅನ್ನುವ ಜಂಭ. ನೀವು ಹಳೇ ಬಟ್ಟೆಯ ಮೂಟೆಯನ್ನು ನೆಲಕ್ಕೆ ಸುರಿದು, "ಕಣ್ಣು ಮುಚ್ಚಿ ಒಂದು ಚೂರು ಎತ್ತಿಕೊಳ್ಳಿ, ಇದು ಯಾರ ಮೈ ಮೇಲಿತ್ತು ಹೇಳಿ ನೋಡೋಣ" ಅನ್ನುತ್ತೀರಿ. ಅವರು ಉಜ್ಜಿ ನೋಡುತ್ತಾರೆ, ಮೂಸುತ್ತಾರೆ, ನಗುತ್ತಾರೆ. ಇದು ಮೊಣಕೈ ಊರಿ ಊರಿ ತೆಳ್ಳಗಾದ ಅಂಗಿ, ಇದು ಮಗು ಹಿಡಿದು ಜಗ್ಗಿದ ಸೆರಗು, ಇದು ಯಾರೂ ಉಡದೆ ಇಟ್ಟ ಸೀರೆ ಅಂತ ಅವರ ಬಾಯಿಂದಲೇ ಬರುತ್ತದೆ. ಯಾವ ಬಟ್ಟೆ ಹೊಲಿಗೆ ತಡೆಯುತ್ತದೆ, ಯಾವುದು ಹರಿಯುತ್ತದೆ ಅನ್ನುವ ಪಾಠ ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ನಾನು ಏನು ಮಾಡಿದೆ ಗೊತ್ತೇ? ಹೊಸಬರ ಮುಂದೆ ಮುದುರಿದ ಬಟ್ಟೆ ಇಡುವುದು ಹೇಗೆ ಅಂತ ಹಿಂದಿನ ದಿನವೇ ಎಲ್ಲಾ ಚೂರುಗಳನ್ನೂ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಒಂದೇ ಅಳತೆಗೆ ಕತ್ತರಿಸಿ ಇಟ್ಟೆ. ಅವರು ಕಣ್ಣು ಮುಚ್ಚಿ ಮುಟ್ಟಿದರು. "ಎಲ್ಲಾ ಒಂದೇ ಥರ ಇದೆ ಮೇಡಂ" ಅಂದರು. ಏಳು ಜನ ಕಣ್ಣು ಮುಚ್ಚಿಕೊಂಡೇ ಕೂತಿದ್ದರು, ನಾನು ಚೂರುಗಳನ್ನು ಒಂದೊಂದೇ ವಾಪಸ್ ತೆಗೆದುಕೊಂಡೆ.

ಆಸ್ಪತ್ರೆಯ ನರ್ಸಮ್ಮ ಆ ಕಡೆ ಕೂತು ದೊಡ್ಡ ಕೌದಿಯ ಅಂಚಿನ ಪಟ್ಟಿ ಮಡಚುತ್ತಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, "ಬೇಜಾರು ಮಾಡ್ಕೋಬೇಡಿ ಚಿಕ್ಕ ಟೀಚರ್. ದೊಡ್ಡ ಟೀಚರ್ ಪಕ್ಕ ಕೂತ್ರೆ ತಪ್ಪು ಮಾಡೋಕೆ ಹೆದರಿಕೆ ಆಗಲ್ಲ. ನೀವು ಪಕ್ಕ ಕೂತ್ರೆ ಸರಿಯಾಗಿ ಮಾಡೋಕೂ ಹೆದರಿಕೆ ಆಗುತ್ತೆ" ಅಂದಳು. ಸಮಾಧಾನ ಮಾಡುವ ರೀತಿ ನೋಡಿ! ಇಂಜೆಕ್ಷನ್ ಕೊಟ್ಟು ಕೊಟ್ಟು ಅಭ್ಯಾಸವಾದ ಕೈ.

ಆದರೆ ಅವಳ ಮಾತು ನಿಜ. ನನ್ನ ಕಣ್ಣು ಡೊಂಕನ್ನು ತಡೆದುಕೊಳ್ಳುವುದಿಲ್ಲ. ಈಗ ಬರೆಯಬೇಕಾದದ್ದನ್ನು ಬರೆದುಬಿಡುತ್ತೇನೆ. ಈ ಸಾಲಿನವರೆಗೆ ಬರಲು ನಾಲ್ಕು ಸಲ ಎದ್ದು ನೀರು ಕುಡಿದೆ.

ಯಾರ ಹೊಲಿಗೆಯನ್ನು ಯಾರೂ ಬಿಚ್ಚಬಾರದು, ತಪ್ಪಿದ್ದರೆ ಬೆರಳಿಟ್ಟು ತೋರಿಸು, ಬಿಚ್ಚುವುದು ಹಾಕಿದವರ ಕೈ ಅಂತ ನೀವು ನಮ್ಮ ಕ್ಲಾಸಿಗೆ ಕಟ್ಟಳೆ ಮಾಡಿದ್ದೀರಿ. ಅತ್ತೇ, ಆ ಕಟ್ಟಳೆಯನ್ನು ನಾನು ಒಂದು ದಿನ ಅಲ್ಲ, ಆರೇಳು ವರ್ಷದಿಂದ ಮುರಿಯುತ್ತಿದ್ದೇನೆ. ಕ್ಲಾಸ್ ಮುಗಿದು ನೀವು ಮನೆಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಅವರಿವರ ಡೊಂಕು ಹೊಲಿಗೆ ಬಿಚ್ಚಿ ನಾನು ಹಾಕುತ್ತಿದ್ದೆ. ಎಲ್ಲಾ ಅಲ್ಲ, ಕಣ್ಣಿಗೆ ತೀರಾ ಚುಚ್ಚುವುದು ಮಾತ್ರ. ಯಾರಿಗೂ ಗೊತ್ತಾಗಲಿಲ್ಲ. ನಮ್ಮ ರಿಟೈರಾದ ಪೋಸ್ಟ್‌ಮಾಸ್ಟರ್ ಸಾಹೇಬರು ಇದ್ದಾರಲ್ಲ, ಪಾರ್ಸೆಲ್ ಕಟ್ಟಿದ ಹಾಗೆ ಕೌದಿ ಹೊಲಿಯುವವರು, ಸೂಜಿ ಸರಿಯಿಲ್ಲ ದಾರ ಸರಿಯಿಲ್ಲ ಅಂತ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅನ್ನುವವರು, ಅವರು ಮನೆಯಲ್ಲಿ ಹೆಂಡತಿಯ ಮುಂದೆ "ನನ್ನ ಕೈ ಪಳಗಿತು ನೋಡು" ಅಂದಿದ್ದರಂತೆ. ಅದನ್ನು ಕೇಳಿ ನನಗೆ ಒಳಗೊಳಗೇ ಖುಷಿ. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಆ ಬುಧವಾರ ನಿಮಗೆ ಮಂಡಿ ನೋವು ಅಂತ ಬೇಗ ಹೋಗಿದ್ದಿರಿ. ದೊಡ್ಡ ಕೌದಿ ಚೌಕಟ್ಟಿಗೆ ಏರಿತ್ತು. ಮೂರು ಪದರಕ್ಕೂ ಕಚ್ಚಾ ಹೊಲಿಗೆ ಬಿದ್ದು, ಒಬ್ಬೊಬ್ಬರೂ ತಮ್ಮ ಚೌಕದ ಮೇಲೆ ಕೈಹೊಲಿಗೆ ಹಾಕುತ್ತಾ ಬರುತ್ತಿದ್ದರು. ಸುತ್ತಿ ನೋಡುತ್ತಾ ಬಂದೆ. ಎಡಗಡೆಯ ಕೆಳಮೂಲೆಗೆ ಬಂದು ನಿಂತುಬಿಟ್ಟೆ. ಇಂಚಿಗೆ ಎಂಟು ಬರಬೇಕಾದಲ್ಲಿ ನಾಲ್ಕು. ಒಂದು ಉದ್ದ, ಒಂದು ಗಿಡ್ಡ, ಸಾಲು ಬಲಕ್ಕೆ ವಾಲಿಕೊಂಡು ಹೋಗಿ ಮತ್ತೆ ಎಳೆದ ಹಾಗೆ ಎಡಕ್ಕೆ ಬಂದಿದೆ. ಅಲ್ಲೇ ಪೋಸ್ಟ್‌ಮಾಸ್ಟರ್ ಸಾಹೇಬರ ಸ್ಟೂಲು. ಇನ್ನೇನು ಬೇಕು! ಲೈಬ್ರರಿಯ ಗೋಡೆಗೆ ಏರುವ ಕೌದಿ, ದೊಡ್ಡ ಟೀಚರ್ ಹೆಸರು ಹೋಗುತ್ತದೆ ಅಂತ ನಿಮ್ಮ ಹೆಸರಿಗೇ ಹೆದರಿ ಕೂತು ಬಿಚ್ಚಿದೆ. ಒಂದೂವರೆ ಗೇಣು ಅಗಲ. ಮುಕ್ಕಾಲು ಗಂಟೆ ಬಿಚ್ಚುವುದಕ್ಕೆ, ಎರಡು ಗಂಟೆ ಹಾಕುವುದಕ್ಕೆ. ಹಾಕಿ ಮುಗಿಸಿ, ದೂರ ನಿಂತು ನೋಡಿ, ಭೇಷ್ ಅಂತ ನನಗೆ ನಾನೇ ಅಂದುಕೊಂಡೆ.

ಗುರುವಾರದ್ದು ನಿಮಗೇ ಗೊತ್ತು. ಆದರೂ ನನ್ನ ಕಡೆಯಿಂದ ಹೇಳುತ್ತೇನೆ. ಸಾಹೇಬರು ಬಂದು ಸ್ಟೂಲು ಎಳೆದುಕೊಂಡರು. ಅವರ ಹತ್ತಿರ "ನಿಮ್ಮ ಮೂಲೆ ಚೆನ್ನಾಗಿ ಬಂದಿದೆ" ಅಂತ ನಾನೇ ಬಾಯಿ ಬಿಟ್ಟೆ. ಅವರು "ನಂದು ಇದರ ಮೇಲಿಂದು ಮೇಡಂ. ಮೂಲೆ ದೊಡ್ಡ ಟೀಚರ್‌ದು. ನೀವು ಅಂಚಿನ ಪಟ್ಟಿಗೆ ಬಟ್ಟೆ ತರೋಕೆ ಹೋದಾಗ ಸೋಮವಾರ ಮಂಗಳವಾರ ಎರಡು ದಿನ ಕೂತು ಹಾಕಿದರು. ಇಡೀ ಕೌದಿಯಲ್ಲಿ ನನಗೆ ಇಷ್ಟು ಜಾಗ ಸಾಕು ಅಂದರು" ಅಂತ ದೊಡ್ಡ ದನಿಯಲ್ಲಿ ಹೇಳಿದರು. ನೀವು ಕಿಟಕಿಯ ಹತ್ತಿರ ದಾರ ಸುತ್ತುತ್ತಿದ್ದಿರಿ. ಎದ್ದು ಬಂದಿರಿ. ಕನ್ನಡಕ ಹಾಕಿಕೊಳ್ಳಲಿಲ್ಲ. ಬೆರಳಿನಿಂದ ಆ ಮೂಲೆಯನ್ನು ಒಂದು ಸಲ ಮೇಲಿಂದ ಕೆಳಕ್ಕೆ ಸವರಿದಿರಿ. ನನಗೆ ಸೂಜಿ ಹಿಡಿಯಲು ಕಲಿಸಿದವರು ನೀವು, ನನ್ನ ಹೊಲಿಗೆ ನಿಮ್ಮ ಬೆರಳಿಗೆ ತಿಳಿಯದೇ ಇರುತ್ತದೆಯೇ? "ಯಾರೋ ಚೆನ್ನಾಗಿ ಹಾಕಿದ್ದಾರೆ" ಅಂದಿರಿ. ಅಷ್ಟೇ. ಮತ್ತೆ ಹೋಗಿ ದಾರ ಸುತ್ತಲು ಕೂತಿರಿ. ಶುಕ್ರವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬ್ಯಾಗು ಹೊರಗಿತ್ತು, ಮಗಳನ್ನು ನೋಡಿ ಎಂಟು ದಿನದಲ್ಲಿ ಬರುತ್ತೇನೆ ಅಂದಿರಿ. ನಾನು ತಡೆಯಬೇಕಿತ್ತು. ಕಾಲು ಹಿಡಿಯಬೇಕಿತ್ತು. ನಾನು ಮಾಡಿದ್ದೇನು, ಬಸ್ಸಿನಲ್ಲಿ ತಿನ್ನಲು ಬಿಸ್ಕತ್ತು ಕಟ್ಟಿ ಕೊಟ್ಟೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆಮೇಲೆ ನನಗೆ ಒಂದೊಂದೇ ಕಾಣಿಸತೊಡಗಿತು. ನೀವು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಲು ಶುರು ಮಾಡಿ ವರ್ಷವಾಯಿತು, ಚಳಿಗೆ ಅಂದಿದ್ದಿರಿ. ಬೇಸಿಗೆಯಲ್ಲೂ ಚಳಿಯೇ? ಸೂಜಿಗೆ ದಾರ ಪೋಣಿಸಲು ಪುಟ್ಟಿಯನ್ನು ಕರೆಯುತ್ತಿದ್ದಿರಿ, ಕಣ್ಣು ಮಂಜು ಅಂದಿರಿ, ನಾನು ಹೊಸ ಕನ್ನಡಕ ಮಾಡಿಸಿ ಕೊಟ್ಟೆ. ಹಲಗೆಯ ಮೇಲೆ ಅಳತೆ ಬರೆಯುವುದನ್ನು ನನಗೆ ಬಿಟ್ಟಿರಿ. ಕತ್ತರಿ ಹಿಡಿಯುವುದನ್ನು ನರ್ಸಮ್ಮನಿಗೆ ಬಿಟ್ಟಿರಿ, "ಅವಳೂ ಕಲೀಲಿ" ಅಂದಿರಿ. ಒಂದೊಂದಕ್ಕೂ ಒಂದು ನೆಪ, ಒಂದೊಂದೂ ಎಷ್ಟು ಅಚ್ಚುಕಟ್ಟು! ಇಲ್ಲಿಂದ ಜಗಳ ಶುರು. ಹೇಳಬಾರದಿತ್ತೇ ಅತ್ತೇ? ಒಂದೇ ಮನೆ, ಒಂದೇ ಕೋಣೆ, ಒಂದೇ ಚೌಕಟ್ಟಿನ ಎರಡು ಬದಿ. ನನ್ನ ಬಸುರಿ ಸುದ್ದಿಯನ್ನು ನಿಮ್ಮ ಮಗನಿಗಿಂತ ಮೊದಲು ನಿಮಗೆ ಹೇಳಿದವಳು ನಾನು. ನನ್ನಿಂದ ಬಚ್ಚಿಟ್ಟಿರಲ್ಲ! ನೀವು ಬಚ್ಚಿಡದೇ ಇದ್ದಿದ್ದರೆ ನಾನು ಬಿಚ್ಚುತ್ತಿರಲಿಲ್ಲ ಅಂತ ಹತ್ತು ದಿನ ಮನಸ್ಸಿನಲ್ಲೇ ನಿಮ್ಮ ಜೊತೆ ಕಾದಾಡಿದೆ. ಹನ್ನೊಂದನೇ ದಿನ ಯಾಕೆ ಹೇಳಲಿಲ್ಲ ಅಂತ ಹೊಳೆಯಿತು. ಡೊಂಕು ಕಂಡರೆ ಸೈರಿಸದ ಸೊಸೆಯ ಹತ್ತಿರ ಯಾರು ತಾನೇ ಹೇಳಿಕೊಳ್ಳುತ್ತಾರೆ.

ಈಗ ಕೇಳುತ್ತೇನೆ. ಕೈ ಹೇಗಿದೆ ಅತ್ತೇ? ಬಲಗೈ ಮಾತ್ರವೋ, ಎಡಗೈಯೂ ನಡುಗುತ್ತದೆಯೋ? ನೋವಿದೆಯೇ? ಡಾಕ್ಟರಿಗೆ ತೋರಿಸಿದ್ದೀರಾ, ನಾದಿನಿಗಾದರೂ ಗೊತ್ತೇ? ನಾನು ಯಾರಿಗೂ ಬಾಯಿ ಬಿಟ್ಟಿಲ್ಲ, ನಿಮ್ಮ ಮಗನಿಗೂ ಇಲ್ಲ. ಹೇಳುವುದಾದರೆ ನೀವೇ ಹೇಳಬೇಕಾದ ಮಾತು ಅದು.

ಇನ್ನೊಂದು ತಲೆ ತಿನ್ನುತ್ತಿದೆ. ನೀವು ಹೋದ ಮೇಲೆ ನಿಮ್ಮ ಕಪಾಟು ತೆಗೆದೆ. ಇಪ್ಪತ್ತೈದು ವರ್ಷದ ಒಳ್ಳೊಳ್ಳೆ ಕೌದಿಗಳೆಲ್ಲ ಇಟ್ಟಲ್ಲೇ ಇವೆ, ಬಹುಮಾನ ಬಂದ ನೀಲಿಯದೂ ಇದೆ. ಒಂದು ಮಾತ್ರ ಇಲ್ಲ. ನಾನು ಮದುವೆಯಾಗಿ ಬಂದ ವರ್ಷ ನಿಮ್ಮ ಪಕ್ಕ ಕೂತು ಹೊಲಿದ ಮೊದಲನೆಯದು. ಅಂಥ ಡೊಂಕು ಕೌದಿ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ನಾಲ್ಕು ಮೂಲೆ ನಾಲ್ಕು ದಿಕ್ಕಿಗೆ. ಒಂದು ಕಡೆ ನನ್ನ ಲಂಗಕ್ಕೂ ಸೇರಿಸಿ ಹೊಲಿದುಬಿಟ್ಟು, ಎದ್ದಾಗ ಕೌದಿಯೂ ಜೊತೆಗೇ ಎದ್ದು ಬಂದಿತ್ತು, ನೆನಪಿದೆಯೇ? ನೀವು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಿರಿ. "ಬಿಚ್ಚಿ ನೀವೇ ಸರಿ ಮಾಡಿಕೊಡಿ ಅತ್ತೇ" ಅಂತ ಗೋಗರೆದೆ. "ನಿನ್ನ ಲಂಗದಿಂದ ಬಿಡಿಸ್ಕೋ, ಮಿಕ್ಕಿದ್ದು ಹಾಗೇ ಇರಲಿ, ನಂಗೆ ಬೇಕು" ಅಂದಿರಿ. ಹತ್ತೊಂಬತ್ತು ವರ್ಷ ಅದನ್ನೇ ಹೊದ್ದಿರಿ. ಒಂದು ಹೊಲಿಗೆ ಮುಟ್ಟಲಿಲ್ಲ. ಹರಿದಲ್ಲಿ ತೇಪೆ ಹಾಕಿದಿರಿ, ಡೊಂಕಿದ್ದಲ್ಲಿ ಹಾಗೇ ಬಿಟ್ಟಿರಿ. ಈಗ ಅದನ್ನೇ ಮಡಚಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿದ್ದೀರಿ. ಪ್ರೀತಿಗೋ, ನನ್ನನ್ನು ಚುಚ್ಚುವುದಕ್ಕೋ? ಬೆಳಿಗ್ಗೆ ಪ್ರೀತಿಗೆ ಅಂದುಕೊಳ್ಳುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಚುಚ್ಚುವುದಕ್ಕೇ ಅನ್ನಿಸುತ್ತದೆ. ಇದನ್ನು ಬರೆಯುತ್ತಿರುವುದು ಮಧ್ಯಾಹ್ನ.

ಕ್ಲಾಸಿನವರಿಗೆ ಆದದ್ದನ್ನು ಹೇಳಿದೆ. ನಿಮ್ಮ ಕೈ ವಿಷಯ ಅಲ್ಲ, ನನ್ನ ಕೈ ವಿಷಯ. ಇಷ್ಟು ವರ್ಷ ಅವರ ಹೊಲಿಗೆ ಬಿಚ್ಚಿ ನಾನು ಹಾಕುತ್ತಿದ್ದೆ ಅಂತ ನಿನ್ನೆ ಎಲ್ಲರ ಮುಂದೆ ಒಪ್ಪಿಕೊಂಡೆ. ಪೋಸ್ಟ್‌ಮಾಸ್ಟರ್ ಸಾಹೇಬರು ತಮ್ಮ ಚೌಕದ ಮೇಲೆ ಬಗ್ಗಿ ನೋಡಿ, "ಹಾಗಾದ್ರೆ ಇದರಲ್ಲಿ ನಂದು ಎಷ್ಟು?" ಅಂತ ಕೇಳಿದರು. ಅರವತ್ತೆಂಟು ವರ್ಷದ ಮನುಷ್ಯ, ಮಗುವಿನ ಹಾಗೆ ಕೇಳಿದರು ಅತ್ತೇ. ಬೆರಳಿಟ್ಟು ಒಂದೊಂದೇ ತೋರಿಸಿದೆ, ಇದು ನನ್ನದು, ಇದು ನಿಮ್ಮದು ಅಂತ. ಅವರು ಕತ್ತರಿ ತೆಗೆದುಕೊಂಡು ನನ್ನದನ್ನೆಲ್ಲ ಬಿಚ್ಚಿ ತಾವೇ ಹಾಕಲು ಕೂತರು. ಪಾರ್ಸೆಲ್ಲಿನ ಹಾಗೇ ಇದೆ. ನಾನು ಕೈ ಕಟ್ಟಿಕೊಂಡು ನೋಡುತ್ತಾ ನಿಂತೆ. ಕೈ ಕಟ್ಟಿಕೊಳ್ಳದಿದ್ದರೆ ಸೂಜಿ ಕಿತ್ತುಕೊಂಡುಬಿಡುತ್ತಿದ್ದೆನೇನೋ. ಈ ಬುದ್ಧಿ ಒಂದು ದಿನಕ್ಕೆ ಹೋಗುವಂಥದ್ದಲ್ಲ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನಗೆ ನನ್ನ ಕಾಲ ಬೇಡ. ನೀವು ಸೂಜಿ ಹಿಡಿಯದೇ ಇದ್ದರೂ ಬನ್ನಿ ಅಂತ ಮೊದಲ ಪತ್ರದಲ್ಲಿ ಬರೆದಿದ್ದೆ, ಹರಿದು ಹಾಕಿದ್ದು ಅದಕ್ಕೇ. ಸೂಜಿ ಬಿಟ್ಟು ಬರೀ ಕೂತುಕೊಳ್ಳಲು ನೀವು ಬರುವವರಲ್ಲ, ಬಂದರೂ ಅದು ನಿಮಗೆ ಶಿಕ್ಷೆ. ಮನೆಯಲ್ಲಿ ಜ್ವರ ಬಂದು ಮಲಗಿದಾಗಲೂ ದಿಂಬಿನ ಕೆಳಗೆ ಒಂದು ಚೂರು ಬಟ್ಟೆ, ಒಂದು ಸೂಜಿ ಇಟ್ಟುಕೊಂಡಿದ್ದವರು ನೀವು. ನಡುಗುವ ಕೈಯಲ್ಲಿ ಎರಡು ದಿನ ಕೂತು, ನಾನು ಊರು ಸುತ್ತುವ ಹೊತ್ತು ಕಾದು, ಒಂದೂವರೆ ಗೇಣು ಹಾಕಿದಿರಿ. ಅದಕ್ಕೆ ಎಷ್ಟು ನೋವು ತಿಂದಿರೋ, ಎಷ್ಟು ಸಲ ಬೆರಳು ಚುಚ್ಚಿಕೊಂಡಿರೋ. ನಾನು ಅದನ್ನು ಮುಕ್ಕಾಲು ಗಂಟೆಯಲ್ಲಿ ಕಸದ ಬುಟ್ಟಿಗೆ ಹಾಕಿದೆ. ತಪ್ಪಾಯಿತು. ಗೊತ್ತಿಲ್ಲದೆ ಆಯಿತು ಅನ್ನುವುದಿಲ್ಲ. ಪೋಸ್ಟ್‌ಮಾಸ್ಟರ್ ಸಾಹೇಬರದ್ದೇ ಆಗಿದ್ದರೂ ಅದು ತಪ್ಪೇ. ನೀವಿಲ್ಲದೆ ನನಗೆ ಆಗುತ್ತಿಲ್ಲ ಅತ್ತೇ, ಕ್ಲಾಸಿನಲ್ಲೂ ಆಗುತ್ತಿಲ್ಲ, ಮನೆಯಲ್ಲೂ ಆಗುತ್ತಿಲ್ಲ.

ನಾದಿನಿಗೂ ಅವಳ ಯಜಮಾನರಿಗೂ ನನ್ನ ನೆನಪು ಹೇಳಿ. ಮಂಡಿಗೆ ಎಣ್ಣೆ ಹಚ್ಚಲು ನಾಚಿಕೊಳ್ಳಬೇಡಿ. ಬೈಯುವುದಿದ್ದರೆ ಫೋನ್ ಮಾಡಿ ಬಾಯಿ ತುಂಬಾ ಬೈಯಿರಿ, ಏಕವಚನದಲ್ಲೇ ಬೈಯಿರಿ. ಪುಟ್ಟಿಯ ಮುತ್ತು, ನಿಮ್ಮ ಮಗನ ಎಂದಿನ ಮೌನ, ನನ್ನ ತಲೆ ನಿಮ್ಮ ಕಾಲ ಮೇಲೆ.

ಇಂತಿ,
ಡೊಂಕು ಕೌದಿಯ ಸೊಸೆ

ತಾ. ಕ.: ಕವರ್ ಅಂಟಿಸಿದ್ದವಳು ಮತ್ತೆ ಹರಿದೆ, ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಅಕ್ಷರ ಗೀಚುತ್ತಿದ್ದೇನೆ. ನಿನ್ನೆ ಎಲ್ಲರೂ ಹೋದ ಮೇಲೆ ಆ ಮೂಲೆಯಲ್ಲಿ ನಾನು ಹಾಕಿದ್ದನ್ನು ಪೂರ್ತಿ ಬಿಚ್ಚಿದೆ. ಬೆಳಕಿಗೆ ಹಿಡಿದರೆ ಬಟ್ಟೆಯಲ್ಲಿ ಎರಡು ಥರದ ಸೂಜಿ ತೂತು ಕಾಣುತ್ತವೆ. ಒತ್ತೊತ್ತಾಗಿ ಇರುವವು ನನ್ನವು. ಅವುಗಳ ನಡುವೆ ದೂರ ದೂರ ವಾಲಿಕೊಂಡು ಹೋಗಿರುವವು ನಿಮ್ಮವು, ಒಂದೂ ಅಳಿಸಿಲ್ಲ. ನೀರು ಮುಟ್ಟಿದರೆ ಮುಚ್ಚಿಹೋಗುತ್ತವೆ. ಅಳತೆಗೆ ಎಳೆದ ಸೀಮೆಸುಣ್ಣದ ಗೆರೆ ಹೋಗಲು ಒಗೆಯಬೇಕು ಅಂತ ಎಲ್ಲರೂ ಹೇಳುತ್ತಿದ್ದಾರೆ, ನಾನು ಬಿಟ್ಟಿಲ್ಲ. ಅಲ್ಲಿ ಅಂಚಿನ ಪಟ್ಟಿಯನ್ನೂ ಕೂಡಿಸಿಲ್ಲ, ಹತ್ತಿ ಇಣುಕುತ್ತಿದೆ. ಗುರುವಾರ ಇಪ್ಪತ್ತನೇ ತಾರೀಖಿನ ಬಸ್ಸಿಗೆ ನಿಮ್ಮ ಮಗ ಬಂದು ನಿಂತಿರುತ್ತಾರೆ. ನೀವು ಇಳಿದರೆ ಆ ಮೂಲೆಗೆ ಎರಡು ದಿನ ಸಿಗುತ್ತದೆ, ನಾನು ಕೋಣೆಯಲ್ಲಿ ಇರುವುದೂ ಇಲ್ಲ, ಎಲ್ಲಿಗಾದರೂ ಹೋಗಿರುತ್ತೇನೆ. ಇಳಿಯದಿದ್ದರೆ ಶನಿವಾರ ಕೌದಿಯನ್ನು ಹಾಗೇ, ಬಾಯಿ ಬಿಟ್ಟ ಮೂಲೆಯ ಸಮೇತ, ಗೋಡೆಗೆ ಏರಿಸುತ್ತೇನೆ. ಕೇಳಿದವರಿಗೆ ದೊಡ್ಡ ಟೀಚರ್ ಇನ್ನೂ ಹೊಲಿಯುತ್ತಿದ್ದಾರೆ ಅನ್ನುತ್ತೇನೆ.